ಬಿಟ್ಟುಹೋಗಲೆಂದೇ ಕಟ್ಟಿದ ಮನೆ

ಧಾತು ಬರದಿಂದ ಕೋವಿಡ್‌ವರೆಗೆ ಬಳ್ಳಾರಿ ಸೀಮೆ ಅನಾಥ ಮಕ್ಕಳನ್ನು ಕಾಣುತ್ತಲೇ ಬಂದಿದೆ. ಅವರ ಕೈಹಿಡಿದ ಕ್ರೈಸ್ತ ಮಿಷನ್ ಸೇವೆಯಲ್ಲಿ ಸಂತೋಷ ಎಲ್ಲಿದೆ? ಎಚ್ಚರ ಎಲ್ಲಿ ಬೇಕು?

1871ರ ಜನಗಣತಿಯಲ್ಲಿ ಬಳ್ಳಾರಿ ಜಿಲ್ಲೆಯ ಜನ ಒಂಬತ್ತು ಲಕ್ಷದ ಮೇಲಿದ್ದರು. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ ಏಳೂಕಾಲು ಲಕ್ಷದಷ್ಟೇ ಸಿಕ್ಕರು. ನಡುವೆ ಬಂದುಹೋದದ್ದು ಧಾತು, ಈಶ್ವರ ಸಂವತ್ಸರಗಳ ಬರ. 1876ರಲ್ಲಿ ಮಳೆ ಕೈಕೊಟ್ಟಿತು, ಎರೆಹೊಲದ ಜೋಳ ನಿಂತಲ್ಲೇ ಒಣಗಿತು, ದನಕರು ಮೊದಲು ಹೋದವು, ಹಿಂದೆಯೇ ಕಾಲರಾ ಬಂತು. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೊಂದು ಪೌಂಡ್ ಧಾನ್ಯದ ಕೂಲಿ ಸಾಕೆಂದು ಬ್ರಿಟಿಷ್ ಅಧಿಕಾರಿ ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದ. ತಾಯಿ ತನ್ನ ಪಾಲನ್ನು ಮಗುವಿಗೆ ಉಣಿಸಿದಳು, ತಂದೆ ಕೂಲಿ ಹುಡುಕಿ ಹೋದವನು ತಿರುಗಿ ಬರಲಿಲ್ಲ. ಹೀಗೆ ದೊಡ್ಡವರು ಸತ್ತು ಚಿಕ್ಕವರು ಉಳಿದ ಮನೆಗಳು ಎಷ್ಟೋ. ಗಂಜಿಕೇಂದ್ರಗಳ ಬಾಗಿಲಲ್ಲಿ ಯಾರ ಮಕ್ಕಳೆಂದು ಹೇಳುವವರಿಲ್ಲದ ಮಕ್ಕಳು ಕೂತಿದ್ದರು.

ಕನ್ನಡ ನಾಡಿನಲ್ಲಿ ಕ್ರೈಸ್ತ ಮಿಷನ್‌ಗಳ ಅನಾಥಾಲಯಗಳು ಅಲ್ಲಲ್ಲಿ ಮೊದಲೂ ಇದ್ದವು. ಆದರೆ ಅವು ಊರಿಂದೂರಿಗೆ ಹರಡಿದ್ದು ಈ ಬರದ ಬೆನ್ನಿಗೆ. ಆಗ ಶುರುವಾದ ಕೆಲಸ ಬೇರೆ ಬೇರೆ ಹೆಸರಿನಲ್ಲಿ ಇವತ್ತಿಗೂ ನಡೆದಿದೆ. ಅದನ್ನು ಹೊಗಳುವವರು ತ್ಯಾಗವೆಂದು ಕೈಮುಗಿಯುತ್ತಾರೆ, ತೆಗಳುವವರು ಮತಾಂತರದ ಬಲೆ ಎನ್ನುತ್ತಾರೆ. ಈ ಎರಡು ಮಾತುಗಳ ನಡುವೆ ಒಂದು ಸರಳ ಪ್ರಶ್ನೆ ಕೇಳದೆ ಉಳಿದುಬಿಡುತ್ತದೆ. ಯಾರದೋ ಮಕ್ಕಳ ಮೂಗು ಒರೆಸುತ್ತ, ಹೇನು ತೆಗೆಯುತ್ತ, ಜ್ವರಕ್ಕೆ ರಾತ್ರಿಯಿಡೀ ಎದ್ದಿರುತ್ತ ಇಪ್ಪತ್ತು ಮೂವತ್ತು ವರ್ಷ ಕಳೆಯುವವರಿಗೆ ಅದರಲ್ಲಿ ಸಿಗುವ ಸಂತೋಷವಾದರೂ ಏನು?

ಕೋಟೆಯ ನೆರಳಲ್ಲಿ ಒಂದು ಶಾಲೆ

ಬಳ್ಳಾರಿಗೆ ಮಿಷನ್ ಬಂದದ್ದು 1810ರಲ್ಲಿ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಆ ವರ್ಷ ಇಲ್ಲಿ ನೆಲೆನಿಂತ. ಆಗ ಬಳ್ಳಾರಿ ಮದ್ರಾಸ್ ಪ್ರಾಂತಕ್ಕೆ ಸೇರಿದ ದಂಡಿನ ಊರು. ಕೋಟೆಯ ಕೆಳಗೆ ಸಿಪಾಯಿಗಳು, ಕೌಲ್ ಬಜಾರಿನಲ್ಲಿ ವ್ಯಾಪಾರಿಗಳು, ಎರಡರ ನಡುವೆ ಯಾರಿಗೂ ಬೇಡವಾದ ಮಕ್ಕಳು. ದಂಡಿನ ಊರುಗಳಲ್ಲಿ ಅನಾಥರು ಬರಕ್ಕಾಗಿ ಕಾಯುವುದಿಲ್ಲ. ಪಲ್ಟನ್ನು ಬೇರೆಡೆಗೆ ಹೊರಟರೆ ಸಾಕು, ತಂದೆಯಿಲ್ಲದ ಮಕ್ಕಳು ಹಿಂದೆ ಉಳಿಯುತ್ತಾರೆ. ಬಳ್ಳಾರಿಯಲ್ಲಿ ಮಿಷನ್ನಿನ ಮೊದಲ ಕೆಲಸಗಳಲ್ಲಿ ಬಡ ಮಕ್ಕಳ ಶಾಲೆಯೂ ಸೇರಿತ್ತು.

ಹ್ಯಾಂಡ್ಸ್ ಕನ್ನಡ ಕಲಿತು ಬೈಬಲ್ಲನ್ನು ಕನ್ನಡಕ್ಕೆ ತಂದ. ಅವನ ಜೊತೆಗಾರ ವಿಲಿಯಂ ರೀವ್ ಇಂಗ್ಲಿಷ್–ಕನ್ನಡ ನಿಘಂಟನ್ನು 1824ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟನ್ನು 1832ರಲ್ಲಿ ಹೊರತಂದ. ಕಿಟೆಲ್ ನಿಘಂಟು ಬರಲು ಇನ್ನೂ ಅರವತ್ತು ವರ್ಷವಿತ್ತು. 1846ರಲ್ಲಿ ಹುಟ್ಟಿದ ಮಿಷನ್ ಶಾಲೆ ಮುಂದೆ ವಾರ್ಡ್ಲಾ ಹೆಸರಿನಲ್ಲಿ ಬೆಳೆಯಿತು. ಬಳ್ಳಾರಿಯವರಿಗೆ ಆ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಅಲ್ಲಿ ಓದಿದ ಎಲ್ಲ ಜಾತಿ ಮತಗಳ ಮನೆಗಳು ಊರ ತುಂಬ ಇವೆ.

ಕ್ಯಾಥೊಲಿಕರ ಬಳ್ಳಾರಿ ಧರ್ಮಪ್ರಾಂತ್ಯ ರೂಪುಗೊಂಡದ್ದು 1949ರಲ್ಲಿ. ಅಮೆರಿಕದ ಫ್ರಾನ್ಸಿಸ್ಕನ್ ಸಭೆಯ ಜಾನ್ ಫಾರೆಸ್ಟ್ ಹೋಗನ್ ಅದರ ಮೊದಲ ಬಿಷಪ್. ಶಾಲೆ, ದವಾಖಾನೆ, ಹಾಸ್ಟೆಲ್ಲುಗಳ ಜೊತೆಗೆ ಸಮಾಜಸೇವೆಗೆಂದೇ ಬೇರೊಂದು ಅಂಗ ಬೆಳೆಯಿತು. ಪಕ್ಕದ ಹೊಸಪೇಟೆಯಲ್ಲಿ ಡಾನ್ ಬಾಸ್ಕೊ ಸಂಸ್ಥೆ ಗಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳ ನಡುವೆ ಕೆಲಸ ಮಾಡಿ ಹೆಸರಾಯಿತು. ಈ ಸಂಸ್ಥೆಗೆ ಹೆಸರು ಕೊಟ್ಟ ಇಟಲಿಯ ಜಾನ್ ಬಾಸ್ಕೊ ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡವನು. ಟ್ಯೂರಿನ್ ಪಟ್ಟಣದ ಬೀದಿಹುಡುಗರನ್ನು ಕೂಡಿಸಿಕೊಂಡು ಆಟ, ಹಾಡು, ಕಸುಬು ಕಲಿಸುತ್ತ ಬಾಳಿದ. ಮಕ್ಕಳು ನಗುನಗುತ್ತ ಇರುವುದೇ ತನ್ನ ಶಿಕ್ಷಣ ಸರಿದಾರಿಯಲ್ಲಿದೆ ಎಂಬುದಕ್ಕೆ ಗುರುತೆಂದು ಅವನು ನಂಬಿದ್ದ. ಬೆತ್ತವೇ ಗುರುವಾಗಿದ್ದ ಹತ್ತೊಂಬತ್ತನೆಯ ಶತಮಾನಕ್ಕೆ ಅದು ಸಣ್ಣ ಮಾತಾಗಿರಲಿಲ್ಲ.

ಬರ ಕಟ್ಟಿಸಿದ ಮನೆಗಳು

ಧಾತು ಬರದ ಅನಾಥರ ಕಥೆ ಬಳ್ಳಾರಿಯ ಗಡಿ ದಾಟಿ ಇಡೀ ಕನ್ನಡ ನಾಡಿನಲ್ಲಿ ಹರಡಿದೆ. ಕೋಲಾರದಲ್ಲಿ ಮಿಸ್ ಲೂಯಿಸಾ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಬರದ ಮಕ್ಕಳನ್ನು ಸೇರಿಸಿಕೊಳ್ಳುತ್ತ ಹೋಗಿ ದೊಡ್ಡ ಅನಾಥಾಲಯವನ್ನೇ ಕಟ್ಟಿದಳು. 1890ರಲ್ಲಿ ಅದನ್ನು ಅಮೆರಿಕನ್ ಮೆಥಡಿಸ್ಟರ ಕೈಗೆ ಒಪ್ಪಿಸಿ ಹೋದಳು. ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಹುಡುಗರಿಗೆ, ಹಾಸನದಲ್ಲಿ ಹುಡುಗಿಯರಿಗೆ ಅನಾಥಾಲಯ ತೆರೆಯಿತು. ಬೆಂಗಳೂರಿನ ಹೊರಗೆ ಫ್ರೆಂಚ್ ಪಾದ್ರಿಗಳು ಬರದ ಅನಾಥರನ್ನು ಬೇಸಾಯಕ್ಕೆ ಹಚ್ಚಿ ಊರನ್ನೇ ಎಬ್ಬಿಸಿದರು. ಹೆಸರಘಟ್ಟದ ದಾರಿಯ ಸಿಲುವೆಪುರ ಹುಟ್ಟಿದ್ದು ಹಾಗೆ. ಕರಾವಳಿಯಲ್ಲಿ 1834ರಿಂದ ಇದ್ದ ಬಾಸೆಲ್ ಮಿಷನ್ ಮಂಗಳೂರು, ಮೂಲ್ಕಿಗಳಲ್ಲಿ ಅನಾಥ ಮಕ್ಕಳನ್ನು ಸಾಕುತ್ತಿತ್ತು.

ಈ ಮನೆಗಳೆಲ್ಲ ಎದುರಿಸಿದ ಪ್ರಶ್ನೆ ಒಂದೇ. ಮಗುವನ್ನು ಉಳಿಸಿದ್ದಾಯಿತು, ಬೆಳೆದ ಮೇಲೆ ಅದು ಎಲ್ಲಿಗೆ ಹೋಗಬೇಕು? ಜಾತಿಯ ಕಸುಬು ಕೈತಪ್ಪಿದವನಿಗೆ ಕೆಲಸ ಕೊಡುವವರಿಲ್ಲ, ಕುಲ ತಿಳಿಯದವಳನ್ನು ಹೆಣ್ಣು ನೋಡಲು ಬರುವವರಿಲ್ಲ. ಉತ್ತರವಾಗಿ ಬಂದದ್ದು ಬಡಗಿ ಕೆಲಸ, ನೇಯ್ಗೆ, ಹೊಲಿಗೆ, ಅಚ್ಚು ಜೋಡಿಸುವ ಕೆಲಸ. ಬಾಸೆಲ್ ಮಿಷನ್ನಿನ ಮಗ್ಗಗಳು ಮತ್ತು 1865ರಲ್ಲಿ ಮಂಗಳೂರಿನಲ್ಲಿ ಶುರುವಾದ ಹೆಂಚಿನ ಕಾರ್ಖಾನೆ ಮತಾಂತರದಿಂದ ಮನೆ, ಕಸುಬು ಕಳೆದುಕೊಂಡವರ ಹೊಟ್ಟೆಪಾಡಿಗೆ ದಾರಿಯಾದವು. ಅನಾಥಾಲಯದ ಅರ್ಧ ಕೆಲಸ ಗೇಟಿನ ಹೊರಗಿನದು ಎಂಬುದು ಅಂದೇ ಗೊತ್ತಾಗಿತ್ತು.

ಬರದಲ್ಲಿ ಸೇರಿಸಿಕೊಂಡ ಮಕ್ಕಳು ಬಹುತೇಕ ಕ್ರೈಸ್ತರಾಗಿಯೇ ಬೆಳೆದರು. ಹಸಿದವನ ಒಪ್ಪಿಗೆಗೆ ಎಷ್ಟು ಬೆಲೆ ಎಂದು ಊರವರು ಆಗಲೇ ಕೇಳಿದ್ದರು. ಆ ಪ್ರಶ್ನೆ ನ್ಯಾಯವಾದದ್ದು. ಅಷ್ಟೇ ನ್ಯಾಯವಾದ ಇನ್ನೊಂದು ಪ್ರಶ್ನೆಯೂ ಇದೆ. ಆ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಊರಿನ ಬಾವಿಯನ್ನೇ ಮುಟ್ಟಗೊಡದ ಸಮಾಜ, ಗಂಜಿಕೇಂದ್ರದ ಬಾಗಿಲಿಂದ ಅವರನ್ನು ಎತ್ತಿಕೊಳ್ಳಲು ಎಷ್ಟು ಮನೆ ತೆರೆಯಿತು?

ಗಂಗಾಮೂಲದಿಂದ ಬಂದ ಮಗಳು

ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಗದ್ದೆಗಳಿಗೆ ನೀರುಣಿಸುವ ತುಂಗಭದ್ರೆಯ ಎರಡೂ ಕವಲು ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಅದೇ ಕಾಡಿನ ಆಶ್ರಮದಲ್ಲಿ 1858ರಲ್ಲಿ ಅನಂತಶಾಸ್ತ್ರಿ ಡೋಂಗ್ರೆ ಎಂಬ ಪಂಡಿತರಿಗೆ ಹುಟ್ಟಿದ ಮಗಳು ರಮಾಬಾಯಿ. ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ್ದಕ್ಕೆ ತಂದೆ ತಮ್ಮವರ ಮುನಿಸು ಕಟ್ಟಿಕೊಂಡರು. ಕುಟುಂಬ ಪುರಾಣ ಹೇಳುತ್ತ ಊರೂರು ಅಲೆಯಿತು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದವರು ರಮಾಬಾಯಿ ಮತ್ತು ಅಣ್ಣ. ಬರಗಾಲದಲ್ಲಿ ಹಸಿದು ನಡೆದ ಅನಾಥೆ ಹೇಗಿರುತ್ತಾಳೆಂದು ಅವರಿಗೆ ಪುಸ್ತಕ ನೋಡಿ ತಿಳಿಯಬೇಕಾಗಿರಲಿಲ್ಲ.

ಕಲ್ಕತ್ತೆಯ ವಿದ್ವಾಂಸರು ಅವರನ್ನು ಪಂಡಿತಾ, ಸರಸ್ವತಿ ಎಂದು ಕರೆದರು. ಅಣ್ಣ ತೀರಿಕೊಂಡ, ಮದುವೆಯಾದ ಎರಡೇ ವರ್ಷಕ್ಕೆ ಗಂಡನೂ ತೀರಿಕೊಂಡ. ಎಳೆಯ ಮಗಳೊಂದಿಗೆ ಇಂಗ್ಲೆಂಡಿಗೆ ಹೋದ ರಮಾಬಾಯಿ 1883ರಲ್ಲಿ ಅಲ್ಲಿ ಕ್ರೈಸ್ತ ದೀಕ್ಷೆ ಪಡೆದರು. 1889ರಲ್ಲಿ ಮುಂಬೈಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದರು. 1896ರ ಬರದಲ್ಲಿ ಮಧ್ಯಪ್ರಾಂತಗಳಿಗೆ ಸ್ವತಃ ಹೋಗಿ ಹಸಿದ ಹೆಣ್ಣುಮಕ್ಕಳನ್ನು ಪುಣೆ ಬಳಿಯ ಕೇಡಗಾಂವಿಗೆ ಕರೆತಂದರು. ಮುಕ್ತಿ ಮಿಷನ್ ಬೆಳೆದದ್ದು ಹಾಗೆ. ಅಲ್ಲಿ ಅಚ್ಚುಕೂಟವಿತ್ತು, ಮಗ್ಗವಿತ್ತು, ಎಣ್ಣೆಗಾಣವಿತ್ತು, ಹೊಲವಿತ್ತು.

ಶಾರದಾ ಸದನದ ಹುಡುಗಿಯರು ಕ್ರೈಸ್ತ ಪ್ರಾರ್ಥನೆಯ ಕಡೆ ಒಲಿಯುತ್ತಿದ್ದಾರೆಂಬ ವಿವಾದ 1893ರಲ್ಲಿ ಎದ್ದಾಗ ರಾನಡೆ, ಭಂಡಾರಕರರಂಥ ಹಿತೈಷಿಗಳೇ ಸಲಹಾ ಮಂಡಳಿಯಿಂದ ಹೊರನಡೆದರು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. ರಮಾಬಾಯಿ ಕೆಲಸ ನಿಲ್ಲಿಸಲಿಲ್ಲ.

ನಮ್ಮ ಭಾಗಕ್ಕೆ ಅವರು ನೇರವಾಗಿ ಕೊಟ್ಟದ್ದೂ ಉಂಟು. 1912ರಲ್ಲಿ ನಿಜಾಮರ ಆಡಳಿತದ ಕಲಬುರಗಿಯಲ್ಲಿ ಹೆಣ್ಣುಮಕ್ಕಳ ಶಾಲೆ ಶಾಂತಿ ಸದನ ತೆರೆಯಿತು. ಅದನ್ನು ನಡೆಸಿದವರು ರಮಾಬಾಯಿಯವರ ಮಗಳು ಮನೋರಮಾ. 1921ರಲ್ಲಿ ಮಗಳು, ಮರುವರ್ಷ ತಾಯಿ ತೀರಿಕೊಂಡರು. ಅನಾಥೆಯೊಬ್ಬಳು ಸಾವಿರಾರು ಅನಾಥೆಯರ ತಾಯಿಯಾಗಿದ್ದರಲ್ಲಿ, ಆಕೆಯ ಮಗಳು ಹೆಣ್ಣುಮಕ್ಕಳ ಓದಿಗೆಂದು ದೂರದ ಕಲಬುರಗಿಗೆ ಬಂದದ್ದರಲ್ಲಿ ಈ ಸೇವೆಯ ಗುಟ್ಟು ಕಾಣುತ್ತದೆ. ಕೈಹಿಡಿಸಿಕೊಂಡವರು ಇನ್ನೊಬ್ಬರ ಕೈಹಿಡಿಯುತ್ತಾರೆ. ಮಿಷನ್ ಮನೆಗಳಲ್ಲಿ ಬೆಳೆದವರೇ ಆಮೇಲೆ ಅಲ್ಲಿನ ವಾರ್ಡನ್, ನರ್ಸ್, ಟೀಚರ್ ಆಗಿ ನಿಲ್ಲುವುದು ಎಲ್ಲ ಕಡೆಯೂ ಕಾಣುವ ಮಾತು.

ಇಂದಿನ ಅನಾಥರು ಯಾರು?

ಇವತ್ತು ಸಿರುಗುಪ್ಪ ಭತ್ತದ ಸೀಮೆ. ವಿಜಯನಗರದ ಕಾಲದ ಕಾಲುವೆಗಳಿಗೆ 1953ರ ತುಂಗಭದ್ರಾ ಅಣೆಕಟ್ಟು ಬಲ ಕೊಟ್ಟ ಮೇಲೆ ಸೋನಾ ಮಸೂರಿ ಇಲ್ಲಿಂದ ಲಾರಿಗಟ್ಟಲೆ ಹೋಗುತ್ತದೆ. ದೊಡ್ಡಬಸವೇಶ್ವರನ ಊರು ಕುರುಗೋಡು ಈಚೆಗೆ ತಾಲ್ಲೂಕು ಕೇಂದ್ರವಾಗಿದೆ. ಸುತ್ತ ಮೆಣಸಿನಕಾಯಿ, ಹತ್ತಿ, ಭತ್ತ. ಬಳ್ಳಾರಿ ನಗರದಲ್ಲಿ ಜೀನ್ಸ್ ಹೊಲಿಗೆ, ಆಚೆ ತೋರಣಗಲ್ಲಿನ ಉಕ್ಕು, ಸಂಡೂರಿನ ಗಣಿ. ಹೊರಗಿನಿಂದ ನೋಡಿದರೆ ಬರದ ನೆನಪೂ ಉಳಿದಿಲ್ಲ.

ಆದರೆ ನೀರು ಇಡೀ ಸೀಮೆಗೆ ಒಂದೇ ಸಮನೆ ಹರಿಯುವುದಿಲ್ಲ. ಭೂಮಿ ಇಲ್ಲದವರಿಗೆ ನಾಟಿ, ಕಳೆ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಷ್ಟೇ ಕೂಲಿ. ಮಿಕ್ಕ ದಿನ ಗುಳೆ. 2009ರ ಅಕ್ಟೋಬರಿನ ಪ್ರವಾಹ ಸಿರುಗುಪ್ಪದ ಹೊಳೆದಂಡೆಯ ಊರುಗಳನ್ನು ಮುಳುಗಿಸಿತು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಎದೆಗೆ ಕೈಯಿಟ್ಟುಕೊಂಡವರಲ್ಲಿ ಜಮೀನಿನ ಯಜಮಾನರಿಗಿಂತ ಕೂಲಿಯವರೇ ಹೆಚ್ಚು. ಗುಳೆ ಹೋದ ಊರಲ್ಲಿ ಕಟ್ಟಡದಿಂದ ಬಿದ್ದ ತಂದೆ, ಎರಡನೇ ಮದುವೆಯಾಗಿ ಹೋದ ತಾಯಿ, ಕುಡಿತ, ಕ್ಷಯ, ಎಚ್‌ಐವಿ, ಸಾಲ. ಇಂದಿನ ಅನಾಥತನ ಬರುವುದು ಈ ದಾರಿಗಳಲ್ಲಿ. 1982ರಲ್ಲೇ ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ ಬಂದರೂ, ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಬಿಡಬೇಕಾದ ಮಕ್ಕಳು ಈ ಜಿಲ್ಲೆಗಳಲ್ಲಿ ಬೆಳೆದಿದ್ದಾರೆ.

ಹಾಗಾಗಿ ಮಕ್ಕಳ ಮನೆಗಳಲ್ಲಿ ಇರುವವರೆಲ್ಲ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡವರಲ್ಲ. ಅನೇಕರಿಗೆ ಒಬ್ಬರಾದರೂ ಇದ್ದಾರೆ. 2015ರ ಬಾಲನ್ಯಾಯ ಕಾಯ್ದೆಯೂ ಇದನ್ನು ಅರಿತೇ ಇದೆ. ಹೆತ್ತವರೂ ಪೋಷಕರೂ ಇಲ್ಲದ ಮಗು ಮಾತ್ರವಲ್ಲ, ಇದ್ದೂ ನೋಡಿಕೊಳ್ಳಲು ಮನಸ್ಸಿಲ್ಲದ ಅಥವಾ ಕೈಲಾಗದ ಪೋಷಕರ ಮಗುವೂ ಕಾನೂನಿನ ಕಣ್ಣಲ್ಲಿ ಅನಾಥವೇ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಈ ಮಾತು ಮನೆಮನೆಗೆ ಅರ್ಥವಾಯಿತು. ಹೆತ್ತವರನ್ನು ಕಳೆದುಕೊಂಡ ಮಕ್ಕಳಿಗೆ ರಾಜ್ಯ ಸರ್ಕಾರ ಬಾಲಸೇವಾ ಯೋಜನೆಯಡಿ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ಕೇಂದ್ರದ ಯೋಜನೆ ಮಗುವಿಗೆ 23 ತುಂಬುವಾಗ 10 ಲಕ್ಷ ರೂಪಾಯಿ ಸಿಗುವಂತೆ ಠೇವಣಿ ಇಟ್ಟಿತು.

ತಲೆದಿಂಬಿನ ಕೆಳಗಿನ ರೊಟ್ಟಿ

ಈಗ ಸಂತೋಷದ ಮಾತಿಗೆ ಬರೋಣ. ಹೊಸದಾಗಿ ಬಂದ ಮಗು ಮೊದಮೊದಲು ಊಟ ಬಚ್ಚಿಡುತ್ತದೆ. ಹಸಿವನ್ನು ಕಂಡ ಮಕ್ಕಳ ಜೊತೆ ಕೆಲಸ ಮಾಡಿದ ಯಾರಿಗಾದರೂ ಇದು ಗೊತ್ತು. ಜೋಳದ ರೊಟ್ಟಿಯ ಚೂರು ತಲೆದಿಂಬಿನ ಕೆಳಗೆ, ಬಾಳೆಹಣ್ಣು ಟ್ರಂಕಿನ ಬಟ್ಟೆಯ ಒಳಗೆ. ಇರುವೆ ಮುತ್ತಿದಾಗ ಗೊತ್ತಾಗುತ್ತದೆ. ಮಕ್ಕಳನ್ನು ನೋಡಿಕೊಳ್ಳುವ ತಿಳಿದ ಅಕ್ಕ ಬೈಯುವುದಿಲ್ಲ. ಮೂರು ಹೊತ್ತು ಊಟದ ಗಂಟೆ ತಪ್ಪದೆ ಬಾರಿಸಿದರೆ ಒಂದು ದಿನ ತಲೆದಿಂಬಿನ ಕೆಳಗೆ ಏನೂ ಸಿಗುವುದಿಲ್ಲ. ನಾಳೆಯೂ ಊಟ ಇದೆ ಎಂದು ಮಗು ನಂಬಿತು ಎಂದೇ ಅದರ ಅರ್ಥ. ಈ ಗೆಲುವಿಗೆ ಚಪ್ಪಾಳೆಯಿಲ್ಲ, ಫೋಟೊ ಇಲ್ಲ. ಹಾಸಿಗೆ ಕೊಡವುವವರಿಗೆ ಮಾತ್ರ ಕಾಣುವ ಸಂತೋಷ ಇದು.

ಎರಡನೆಯದು ದಾಖಲೆಯ ಸಂತೋಷ. ನಗು ಬರಬಹುದು. ಆದರೆ ಜನನ ಪ್ರಮಾಣಪತ್ರ, ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಖಾತೆ ಒಂದೂ ಇಲ್ಲದ ಮಗು ಸರ್ಕಾರದ ಲೆಕ್ಕಕ್ಕೆ ಹುಟ್ಟಿಯೇ ಇಲ್ಲ. ಅದರ ಊರು ಹುಡುಕಿ, ಪಂಚಾಯಿತಿ, ತಾಲ್ಲೂಕು ಕಚೇರಿ, ನಾಡಕಚೇರಿ ಅಲೆದು, ಹಳೇ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹೆಸರು ಸಿಕ್ಕಾಗ ಆಗುವ ಖುಷಿ ಕಚೇರಿ ಮೆಟ್ಟಿಲು ಹತ್ತಿದವರಿಗೇ ಗೊತ್ತು. ಹುಟ್ಟಿದ ದಿನ ತಿಳಿಯದ ನಮ್ಮೂರ ಮಕ್ಕಳಿಗೆ ಮೇಷ್ಟ್ರು ಜೂನ್ 1 ಬರೆದುಕೊಳ್ಳುವ ರೂಢಿ ಹಳೆಯದು. ಅಂಥ ಮಗುವಿಗೆ ತನ್ನದೇ ಒಂದು ದಿನ, ಅವತ್ತು ತನ್ನ ಹೆಸರಿನ ಒಂದು ಕೇಕು ಬಂದರೆ ಅದು ಎದ್ದು ಕುಣಿಯುತ್ತದೆ.

ಮೂರನೆಯದು ಭಾಷೆ ಬಿಚ್ಚಿಕೊಳ್ಳುವ ಸಂತೋಷ. ಈ ಸೀಮೆಯ ಮಕ್ಕಳ ಬಾಯಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಕಲೆತಿರುತ್ತವೆ. ಬಂದ ಹೊಸದರಲ್ಲಿ ಯಾವುದರಲ್ಲೂ ಮಾತಾಡದವರು ಆರೇ ತಿಂಗಳಲ್ಲಿ ನಾಲ್ಕರಲ್ಲೂ ಜಗಳಾಡಬಲ್ಲರು. ಡಿಸೆಂಬರಿನಲ್ಲಿ ಗೋದಲಿ ಕಟ್ಟುವಾಗ ಕುರುಬರ ಪಾತ್ರ ಯಾರಿಗೆ, ದೇವದೂತನ ರೆಕ್ಕೆ ಯಾರಿಗೆ ಎಂದು ರಂಪವಾಗುತ್ತದೆ. ಭಾನುವಾರ ಒಗ್ಗಾಣಿ, ಮಿರ್ಚಿ ಎಂದು ಗೊತ್ತಾದರೆ ಶನಿವಾರವೇ ಅಡುಗೆಮನೆಯ ಸುತ್ತ ಸುಳಿದಾಟ. ಜಗಳ, ಹಟ, ಚಾಡಿ ಇವೆಲ್ಲ ಮನೆಯಲ್ಲಿ ಇರುವಂಥವು. ಬಹಳ ಶಿಸ್ತಾಗಿ, ಬಹಳ ಮೌನವಾಗಿ ಸಾಲಲ್ಲಿ ನಿಂತ ಅನಾಥಾಲಯದ ಬಗ್ಗೆ ಅನುಮಾನಪಡಬೇಕು. ಗಲಾಟೆ ಇರುವಲ್ಲಿ ಮಕ್ಕಳು ಮಕ್ಕಳಾಗಿದ್ದಾರೆ.

ಎಲ್ಲಕ್ಕಿಂತ ದೊಡ್ಡ ಸಂತೋಷ ಅವರು ಬಿಟ್ಟು ಹೋಗುವಾಗಿನದು. ಹದಿನೆಂಟು ತುಂಬಿದವಳು ನರ್ಸಿಂಗ್ ಸೇರುತ್ತಾಳೆ. ಹುಡುಗ ಐಟಿಐ ಮುಗಿಸಿ ಕೆಲಸ ಹುಡುಕಿಕೊಳ್ಳುತ್ತಾನೆ, ಇಲ್ಲವೇ ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಕಟಿಂಗ್ ಮಾಸ್ಟರ್ ಆಗುತ್ತಾನೆ. ಮೊದಲ ಸಂಬಳದಲ್ಲಿ ಚಿಕ್ಕವರಿಗೆ ಕ್ರಿಕೆಟ್ ಬ್ಯಾಟು ತರುತ್ತಾನೆ. ಹುಡುಗಿಗೆ ಮದುವೆಯಾದರೆ ಗಂಡಿನ ಕಡೆಯವರ ಜೊತೆ ಮಾತುಕತೆಗೆ ಕೂರುವವರು ಯಾರು? ಇದೇ ಫಾದರ್, ಇದೇ ಸಿಸ್ಟರ್, ಇಲ್ಲವೇ ಪಾಸ್ಟರಮ್ಮ. ಬಾಣಂತನಕ್ಕೆ ಎಲ್ಲಿಗೆ ಬರಬೇಕು? ಇಲ್ಲಿಗೇ. ಹಬ್ಬಕ್ಕೆ ಗಂಡ, ಮಗುವಿನ ಜೊತೆ ಬಂದು ಎರಡು ದಿನ ಇದ್ದು ಹೋದರೆ, ಆ ಮನೆ ತವರಾಯಿತು. ತವರು ಬಿಟ್ಟುಹೋಗಲೆಂದೇ ಇರುವ ಮನೆ. ಆದರೆ ಬಾಗಿಲು ಮುಚ್ಚುವುದಿಲ್ಲ ಎಂಬ ಭರವಸೆಯೂ ಅಲ್ಲೇ. ಎಷ್ಟು ಮಕ್ಕಳನ್ನು ಸೇರಿಸಿಕೊಂಡೆವು ಎಂದು ಹೇಳಿಕೊಳ್ಳುವ ಸಂಸ್ಥೆಗಿಂತ, ಎಷ್ಟು ಮಕ್ಕಳು ತಮ್ಮ ಕಾಲ ಮೇಲೆ ನಿಂತು ಹೊರಟುಹೋದರು ಎಂದು ಹೇಳಬಲ್ಲ ಸಂಸ್ಥೆ ದೊಡ್ಡದು.

ಈ ಸಂತೋಷ ಒಂದು ಮತದ ಸ್ವತ್ತೂ ಅಲ್ಲ. ಅನಾಥರನ್ನೂ ವಿಧವೆಯರನ್ನೂ ಕಷ್ಟದಲ್ಲಿ ನೋಡಿಕೊಳ್ಳುವುದೇ ನಿಜವಾದ ಭಕ್ತಿ ಎಂಬ ಭಾವ ಬೈಬಲ್ಲಿನ ಯಾಕೋಬನ ಪತ್ರಿಕೆಯಲ್ಲಿದೆ. ನಮ್ಮ ಕಡೆ ಅದೇ ಭಾವ ದಾಸೋಹವಾಗಿ ಬಂತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ, ಅನಾಥ ಮಕ್ಕಳ ಕೈಗೆ ಸಂಗೀತದ ಅನ್ನ ಕೊಟ್ಟರು. ತುಮಕೂರಿನ ಸಿದ್ಧಗಂಗೆಯಲ್ಲಿ ಜಾತಿ ಕೇಳದೆ ಊಟಕ್ಕೆ ಎಲೆ ಹಾಕಿದರು. ಯತೀಂಖಾನೆಗಳು ಮುಸ್ಲಿಂ ಸಮಾಜದಲ್ಲಿ ಹಳೆಯವು. ಅನಾಥ ಮಗುವಿನ ಮುಂದೆ ಧರ್ಮಗಳು ಪೈಪೋಟಿ ನಡೆಸಲೇಬೇಕಾದರೆ ಯಾರು ಚೆನ್ನಾಗಿ ಸಾಕುತ್ತಾರೆ ಎಂಬುದರಲ್ಲಿ ನಡೆಸಲಿ.

ಸಂತೋಷಕ್ಕೂ ಲಗಾಮು ಬೇಕು

ಒಳ್ಳೆಯದನ್ನು ಮಾಡುತ್ತಿದ್ದೇವೆ ಎಂಬ ಸುಖ ಕಣ್ಣು ಕಟ್ಟಬಲ್ಲದು. ರುಮೇನಿಯಾದ ಬುಖಾರೆಸ್ಟಿನಲ್ಲಿ 2000ದ ಸುಮಾರಿಗೆ ಶುರುವಾದ ಅಧ್ಯಯನವೊಂದು 136 ಎಳೆಯ ಮಕ್ಕಳನ್ನು ವರ್ಷಗಳ ಕಾಲ ಗಮನಿಸಿತು. ಸಂಸ್ಥೆಯಲ್ಲೇ ಉಳಿದ ಮಕ್ಕಳಿಗಿಂತ ಪೋಷಕ ಕುಟುಂಬಗಳಿಗೆ ಹೋದ ಮಕ್ಕಳು ಬುದ್ಧಿಯಲ್ಲಿ, ಭಾವನೆಯಲ್ಲಿ ಚೆನ್ನಾಗಿ ಬೆಳೆದರು. ಎಷ್ಟು ಎಳೆಯದರಲ್ಲಿ ಹೋದರೆ ಅಷ್ಟು ಒಳ್ಳೆಯದಾಯಿತು. ಗೋಡೆ, ಹಾಸಿಗೆ, ಊಟ ಎಲ್ಲ ಇದ್ದರೂ ತನ್ನನ್ನೇ ನೋಡುವ ಒಬ್ಬ ವ್ಯಕ್ತಿ ಇಲ್ಲದಿದ್ದರೆ ಮಗು ಒಳಗೇ ಬಾಡುತ್ತದೆ.

ನಮ್ಮ ಬಾಲನ್ಯಾಯ ಕಾಯ್ದೆಯೂ ಸಂಸ್ಥೆಯನ್ನು ಕೊನೆಯ ದಾರಿ ಎಂದೇ ಹೇಳುತ್ತದೆ. ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಆ ಸಮಿತಿಯ ಆದೇಶವಿಲ್ಲದೆ ಯಾರೂ, ಎಷ್ಟೇ ಒಳ್ಳೆಯ ಮನಸ್ಸಿನವರಾದರೂ, ಮಗುವನ್ನು ಇಟ್ಟುಕೊಳ್ಳುವಂತಿಲ್ಲ. ನೋಂದಣಿಯಿಲ್ಲದೆ ಮಕ್ಕಳ ಮನೆ ನಡೆಸಿದರೆ ಒಂದು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಮಕ್ಕಳ ಮುಖ, ಹೆಸರು ಬಯಲಾಗುವಂತೆ ಪ್ರಕಟಿಸುವುದೂ ಅಪರಾಧ. ದೇಣಿಗೆಗಾಗಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಯಲ್ಲಿ ತಟ್ಟೆ ಕೊಟ್ಟು, ವಾಟ್ಸ್ಆ್ಯಪಿನಲ್ಲಿ ಹರಿಬಿಡುವವರು ಇದನ್ನು ನೆನಪಿಡಬೇಕು. ಹುಟ್ಟುಹಬ್ಬಕ್ಕೆ ಕೇಕು ಹಿಡಿದು ಬಂದು ಒಂದು ತಾಸು ಮಕ್ಕಳನ್ನು ಎತ್ತಿ ಮುದ್ದಾಡಿ ಮತ್ತೆಂದೂ ಬಾರದ ನಮ್ಮಂಥವರೂ ನೆನಪಿಡಬೇಕು. ಬಿಟ್ಟುಹೋದವರನ್ನು ಲೆಕ್ಕವಿಟ್ಟ ಮಗುವಿಗೆ ಇನ್ನೊಬ್ಬರು ಬಿಟ್ಟುಹೋದ ಲೆಕ್ಕ ಸೇರುತ್ತದೆ.

ಮತದ ಪ್ರಶ್ನೆಯನ್ನೂ ನೇರವಾಗಿಯೇ ನೋಡಬೇಕು. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ನಿಯಂತ್ರಣ ಕಾಯ್ದೆ ಬಂತು, 2023ರಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯ್ದೆ ಇರಲಿ, ಹೋಗಲಿ, ಹಸಿದ ಮಗುವಿನ ನಂಬಿಕೆಯ ಮೇಲೆ ಕೈಹಾಕಬಾರದು ಎಂಬುದಕ್ಕೆ ಪೊಲೀಸರು ಬೇಕಿಲ್ಲ. ಯುಗಾದಿಗೆ ಬೇವುಬೆಲ್ಲ, ರಂಜಾನಿಗೆ ಸುರಕುಂಬಾ, ಕ್ರಿಸ್‌ಮಸ್ಸಿಗೆ ಕೇಕು ಮೂರನ್ನೂ ಬಡಿಸುವ ಮಿಷನ್ ಮನೆಯ ಮೇಲೆ ಊರಿಗೆ ಇರುವ ವಿಶ್ವಾಸವೇ ಬೇರೆ. ಮಗು ದೊಡ್ಡದಾಗಿ ತನ್ನ ದೇವರನ್ನು ತಾನೇ ಆರಿಸಿಕೊಳ್ಳಲಿ, ಆರಿಸಿಕೊಳ್ಳದೆಯೂ ಇರಲಿ. ಸಾಕಿದ ಕೈಗೆ ಇದರಿಂದ ನಷ್ಟವಿಲ್ಲ.

ಒಳ್ಳೆಯ ಸಂಸ್ಥೆಗಳೂ ಕಾನೂನಿನ ಜೊತೆ ತಿಕ್ಕಾಟಕ್ಕೆ ಬಿದ್ದದ್ದುಂಟು. ಒಂಟಿಯಾಗಿರುವವರಿಗೂ ದತ್ತು ಕೊಡಬೇಕೆಂಬ ಹೊಸ ನಿಯಮವನ್ನು ಒಪ್ಪದೆ ಮದರ್ ತೆರೇಸಾ ಕಟ್ಟಿದ ಮಿಷನರೀಸ್ ಆಫ್ ಚಾರಿಟಿ 2015ರಲ್ಲಿ ದೇಶದಲ್ಲಿ ದತ್ತು ಕೊಡುವ ಕೆಲಸವನ್ನೇ ನಿಲ್ಲಿಸಿತು. ಇನ್ನೊಂದು ಕಡೆ ಕಾನೂನು ಬಾಗಿಲನ್ನೂ ತೆರೆದಿದೆ. ಬಹುಕಾಲ ನಮ್ಮ ದೇಶದ ಕ್ರೈಸ್ತ ದಂಪತಿಗಳು 1890ರ ಕಾಯ್ದೆಯಡಿ ಮಗುವಿಗೆ ಪಾಲಕರಾಗಬಹುದಿತ್ತೇ ಹೊರತು ತಂದೆತಾಯಿಯಾಗುವಂತಿರಲಿಲ್ಲ. ಆಗಿನ ಬಾಲನ್ಯಾಯ ಕಾಯ್ದೆಯಡಿ ಯಾವ ಮತದವರೂ ದತ್ತು ಪಡೆಯಬಹುದೆಂದು ಸುಪ್ರೀಂ ಕೋರ್ಟು 2014ರಲ್ಲಿ, ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ, ಖಚಿತಪಡಿಸಿತು. ಅನಾಥರ ಸೇವೆ ಮಾಡುವ ಸಭೆಗಳು ತಮ್ಮ ಸದಸ್ಯರಿಗೆ ಕಲಿಸಬೇಕಾದ ಪಾಠ ಇಲ್ಲಿದೆ. ಹಾಸ್ಟೆಲ್ಲಿಗೆ ಇನ್ನೊಂದು ಮಹಡಿ ಏರಿಸುವುದಕ್ಕಿಂತ ಹತ್ತು ಮನೆಗಳ ಬಾಗಿಲು ತೆರೆಸುವುದು ಮೇಲು.

ನಾವು ಮಾಡಬಹುದಾದ್ದು

ಸಿರುಗುಪ್ಪ, ಕುರುಗೋಡಿನಂಥ ಕಡೆ ಒಬ್ಬಂಟಿ ತಾಯಿಯ ಕೈಗೆ ತಿಂಗಳಿಗೆ ನಾಲ್ಕು ಸಾವಿರ ಸಿಕ್ಕರೆ ಮಗು ತನ್ನ ಮನೆಯಲ್ಲೇ ಉಳಿಯಬಲ್ಲದು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಡಿ ಅರ್ಹ ಮಗುವಿಗೆ ಸಿಗುವುದು ಅಷ್ಟೇ ಹಣ, ತಿಂಗಳಿಗೆ 4,000 ರೂಪಾಯಿ. ಅರ್ಜಿ ಹಾಕಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅರ್ಜಿ ತುಂಬಲು ಬಾರದ ಅಜ್ಜಿಗೆ, ಕಚೇರಿಯ ದಾರಿ ಗೊತ್ತಿಲ್ಲದ ತಾಯಿಗೆ ಜೊತೆಯಾಗಿ ಹೋಗುವುದು ಇಂದಿನ ಮಿಷನ್ ಕೆಲಸ. ಅದಕ್ಕೆ ಪಾದ್ರಿಯಾಗಬೇಕಿಲ್ಲ, ಸಿಸ್ಟರ್ ಆಗಬೇಕಿಲ್ಲ. ಅಂಗನವಾಡಿ ಕಾರ್ಯಕರ್ತೆ, ಮೇಷ್ಟ್ರು, ಚರ್ಚಿನ ಯುವಕ ಸಂಘ, ಮಠದ ಭಕ್ತರು ಯಾರು ಬೇಕಾದರೂ ಮಾಡಬಹುದು.

ಹದಿನೆಂಟು ದಾಟಿ ಹೊರಬಂದವರನ್ನೂ ಮರೆಯಬಾರದು. ಕಾನೂನು 21 ವರ್ಷದವರೆಗೆ ಅನುಪಾಲನೆಯ ನೆರವು ಕೊಡಬಹುದು ಎನ್ನುತ್ತದೆ. ಬಾಡಿಗೆಗೆ ಕೋಣೆ ಕೊಡುವವರು, ಕೆಲಸ ಕಲಿಸುವವರು, ಜಾಮೀನು ನಿಲ್ಲುವವರು ಊರಿನವರೇ ಆಗಬೇಕು. ಬಳ್ಳಾರಿಯ ಜೀನ್ಸ್ ಘಟಕದ ಮಾಲೀಕರು, ಸಿರುಗುಪ್ಪದ ಅಕ್ಕಿ ಗಿರಣಿಯವರು, ಕುರುಗೋಡಿನ ವರ್ತಕರು ವರ್ಷಕ್ಕೆ ಒಬ್ಬ ಹುಡುಗ ಅಥವಾ ಹುಡುಗಿಯನ್ನು ಕೆಲಸಕ್ಕೆ ಸೇರಿಸಿಕೊಂಡರೆ ಸಾಕು, ದೊಡ್ಡ ದೇಣಿಗೆಗಿಂತ ಅದು ಹೆಚ್ಚು.

ಬಸ್ ನಿಲ್ದಾಣದಲ್ಲೋ ರೈಲು ನಿಲ್ದಾಣದಲ್ಲೋ ಒಂಟಿ ಮಗು ಕಂಡರೆ ಹತ್ತು ರೂಪಾಯಿ ಕೊಟ್ಟು ಮುಂದೆ ಹೋಗಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಯಾರಾದರೂ ಎತ್ತುತ್ತಾರೆ. ಮಗುವಿನ ಪಕ್ಕ ಅವರು ಬರುವವರೆಗೆ ನಿಲ್ಲಿ.